ಮೆಟ್ಟುಕತ್ತಿಗೆ ಎರಡು ದಾರಿ

ಮುಂದೆ ಹೋಗಬೇಕಾದವರು ಮೊದಲು ಹಿಂದಕ್ಕೆ ಹೋಗುವ ಊರು ನಮ್ಮದು. ಡೊಂಬಿವಲಿಯಲ್ಲಿ ಬೆಳಗಿನ ಹೊತ್ತು ಮುಂಬಯಿಯ ಕಡೆಗೆ ಹೋಗುವ ಲೋಕಲ್ ಬಂದು ನಿಂತಾಗ, ಸೀಟಿನ ಮಾತು ಹಾಗಿರಲಿ, ಎರಡೂ ಪಾದಗಳನ್ನು ಒಟ್ಟಿಗೆ ಊರುವಷ್ಟು ಜಾಗವೂ ಅದರೊಳಗೆ ಇರುವುದಿಲ್ಲ. ಆದ್ದರಿಂದ ಅನುಭವಸ್ಥರು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗುತ್ತಾರೆ. ಕಲ್ಯಾಣದ ಕಡೆಗೆ ಹೊರಟ ಗಾಡಿಯನ್ನು ಹತ್ತಿ, ಕಿಟಕಿಯ ಪಕ್ಕ ಕೂತು, ಅದೇ ಗಾಡಿ ಅಲ್ಲಿಂದ ತಿರುಗಿ ಮುಂಬಯಿಗೆ ಹೊರಡುವಾಗ ಕೂತಲ್ಲೇ ಕೂತಿರುತ್ತಾರೆ. ತಮ್ಮ ಮನೆಯೆದುರಿನ ನಿಲ್ದಾಣವನ್ನು ಎರಡನೆಯ ಬಾರಿ ಹಾದುಹೋಗುವಾಗ, ಕೆಳಗೆ ನಿಂತು ಬಾಗಿಲಿಗೆ ಮುಗಿಬೀಳುವ ನೆರೆಹೊರೆಯವರನ್ನು ಶಾಂತ ಮುಖದಿಂದ ನೋಡುತ್ತಾರೆ. ಇದಕ್ಕೆ ನಮ್ಮಲ್ಲಿ ‘ರಿಟರ್ನ್ ಹೋಗುವುದು’ ಎಂದು ಹೆಸರು.

ನಾನು ರಿಟರ್ನ್ ಹೋಗುವುದು ಅಂಬರನಾಥದವರೆಗೆ. ನಾನು ಪಾಠ ಹೇಳುವ ಕಾಲೇಜು ಇರುವುದು ಠಾಣೆಯಲ್ಲಿ. ಡೊಂಬಿವಲಿಯಿಂದ ಠಾಣೆಗೆ ಹೋಗಬೇಕಾದವಳು ಮೊದಲು ಕಲ್ಯಾಣಕ್ಕೂ ಅದರಾಚೆ ಅಂಬರನಾಥಕ್ಕೂ ಹೋಗಿ ಬರುವುದೆಂದರೆ, ಊಟದ ತಟ್ಟೆಯ ಮುಂದೆ ಕೂತವಳು ಪಲ್ಯ ಬಡಿಸಿಕೊಳ್ಳಲು ಪಕ್ಕದ ಬೀದಿಯನ್ನು ಸುತ್ತಿಬಂದಂತೆ. ಮೊನ್ನೆ ರಜೆಯ ದಿನವೂ ಕಾಲೇಜಿನಲ್ಲಿ ಕೆಲಸವಿತ್ತು. ಗಾಡಿ ಖಾಲಿಯಿತ್ತು, ಬೇಕೆಂದರೆ ಮಲಗಿಕೊಂಡೇ ಠಾಣೆಗೆ ಹೋಗಬಹುದಿತ್ತು. ಆಗಲೂ ನಾನು ಅಂಬರನಾಥಕ್ಕೆ ಹೋಗಿಯೇ ಬಂದೆ. ಕಾರಣ ಕೇಳಿದ ಸಹೋದ್ಯೋಗಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಸಿಕ್ಕಸಿಕ್ಕವರಿಂದ ಕಾರಣ ಕೇಳುತ್ತ ಬೆಳೆದವಳಿಗೆ ಇದು ಅವಮಾನದ ಸಂಗತಿ.

ಕಾರಣ ಕೇಳುವ ಚಟ ನನಗೆ ಬಾಲ್ಯದಿಂದಲೇ ಅಂಟಿದ್ದು. ಒಂದೂವರೆ ಕೋಣೆಯ ನಮ್ಮ ಮನೆಗೆ ಬೇಸಿಗೆಯಲ್ಲಿ ಉಡುಪಿಯಿಂದ ಅಜ್ಜಿ ಬರುತ್ತಿದ್ದರು. ಆ ಜಾಗದಲ್ಲಿ ಯಾರ ಕಾಲೂ ಯಾವುದಕ್ಕೂ ತಾಗದಂತೆ ತಿರುಗಾಡುವುದು ಸಾಧ್ಯವಿರಲಿಲ್ಲ. ಅಜ್ಜಿಯ ಶಾಸನವೋ ಕಠಿಣ: ಕಾಲು ತಾಗಿದರೆ ಒಡನೆ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೂ ಹಾಗೆ, ಮನುಷ್ಯರಿಗೂ ಹಾಗೆ, ಅಕ್ಕಿ ಅಳೆಯುವ ಸೇರಿಗೂ ಹಾಗೆ.

“ಪೊರಕೆಗೆ?” ಎಂದು ಕೇಳಿದೆ.

“ಪೊರಕೆಗೂ.”

“ಚಪ್ಪಲಿಗೆ?”

ಅಜ್ಜಿ ಸ್ವಲ್ಪ ಯೋಚಿಸಿದರು. “ಚಪ್ಪಲಿಗೆ ಬೇಡ.”

“ಅದನ್ನೇ ಅಲ್ಲವಾ ದಿನಾ ತುಳಿಯುವುದು? ಅದಕ್ಕೇ ಹೆಚ್ಚು ಸಲ್ಲಬೇಕಲ್ಲ?”

“ಇವಳನ್ನು ವಕೀಲಿಗೆ ಓದಿಸು,” ಎಂದು ಅಜ್ಜಿ ಅಪ್ಪನಿಗೆ ಹೇಳಿ, ಆ ಬೇಸಿಗೆಯ ಮಟ್ಟಿಗೆ ಮೊಕದ್ದಮೆಯನ್ನು ವಜಾ ಮಾಡಿದರು.

ವಕೀಲಿಗೆ ಓದಲಿಲ್ಲ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಅದರಿಂದ ಚಟ ವಾಸಿಯಾಗುವ ಬದಲು ಅದಕ್ಕೊಂದು ಪರಿಭಾಷೆ ದೊರೆಯಿತು. ನಮ್ಮ ಕಟ್ಟಡದ ಸೊಸೈಟಿಯ ಸಭೆಯಲ್ಲಿ ನೀರು ಬಿಡುವ ಹೊತ್ತನ್ನು ಬದಲಾಯಿಸಿದ್ದೇಕೆಂದು ಎದ್ದುನಿಂತು ಕೇಳಿದೆ. ಸೆಕ್ರೆಟರಿ “ಹಾಗೆ ತೀರ್ಮಾನವಾಯಿತು” ಎಂದರು. ತೀರ್ಮಾನ ತನ್ನಷ್ಟಕ್ಕೆ ತಾನೇ ಆಗುವುದಕ್ಕೆ ಅದೇನು ಹುಣ್ಣಿಮೆಯೇ, ಮಾಡಿದವರ ಹೆಸರು ಹೇಳಿ, ಅವರು ಇಲ್ಲಿ ನಿಂತು ಉತ್ತರಿಸಲಿ ಎಂದೆ. ಅಂದಿನಿಂದ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಸೆಕ್ರೆಟರಿ ಏನನ್ನೋ ಮರೆತವರಂತೆ ಮರಳಿ ಮನೆಯೊಳಗೆ ಹೋಗುತ್ತಿದ್ದರು. ನಾನದನ್ನು ಪ್ರಜಾಪ್ರಭುತ್ವದ ವಿಜಯವೆಂದು ಭಾವಿಸಿದ್ದೆ. ನೀರಿನ ಹೊತ್ತು ಮಾತ್ರ ಬದಲಾಗಲಿಲ್ಲ.

ಇಂಥವಳು ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಿದ್ದ ದಿನಗಳಲ್ಲಿ, ಈ ದಶಕದ ಆರಂಭದಲ್ಲಿ, ಲೋಕಲಿನ ಹೆಂಗಸರ ಡಬ್ಬಿಯ ಒಂದು ಗುಂಪಿನೊಳಗೆ ಬಂದು ಬಿದ್ದೆ. ಗುಂಪಿನ ಅಧಿಪತ್ಯ ಮಂದಾತಾಯಿಯದು. ಬ್ಯಾಂಕಿನಲ್ಲಿ ಕೆಲಸ, ಗಟ್ಟಿ ದನಿ, ಅದಕ್ಕಿಂತ ಗಟ್ಟಿಯಾದ ಮೊಣಕೈ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಯಾರು ಏನು ತರಬೇಕು, ಯಾರ ಸೀಟು ಮುಂದೆ ಯಾರಿಗೆ ಎಂಬುದೆಲ್ಲ ಅವರ ಬಾಯಿಂದ ಹೊರಡುವ ಒಂದೇ ಮರಾಠಿ ಶಬ್ದದಿಂದ ಇತ್ಯರ್ಥವಾಗುತ್ತಿತ್ತು: “ಠರಲಂ.” ತೀರ್ಮಾನವಾಯಿತು ಎಂದರ್ಥ. ನಮ್ಮ ಸೆಕ್ರೆಟರಿಯ ತತ್ತ್ವಶಾಸ್ತ್ರ ಮರಾಠಿಯಲ್ಲಿ ಇನ್ನೂ ಚಿಕ್ಕದಾಗಿ, ಇನ್ನೂ ಭದ್ರವಾಗಿ ಇರುವುದನ್ನು ಕಂಡು ಬೆರಗಾದೆ.

ಕಲಬುರಗಿ ಕಡೆಯ ಶರಣಮ್ಮ ಠಾಣೆಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ರಬಾಳೆಯ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದಳು. ಅವಳು ಎದ್ದ ಸೀಟು ಮಂದಾತಾಯಿಯ ತೀರ್ಮಾನದಂತೆ ನನ್ನದು. ಹೀಗಾಗಿ ನಮ್ಮ ನಡುವೆ ಒಂದು ಬಗೆಯ ಉತ್ತರಾಧಿಕಾರದ ಪ್ರೀತಿಯಿತ್ತು. “ಬಾರ್ ಯವ್ವಾ, ಬೆಚ್ಚಗ ಮಾಡಿಟ್ಟೀನಿ,” ಎಂದು ಏಳುತ್ತಿದ್ದಳು.

ಇನ್ನೊಬ್ಬರು ರುಕ್ಮಿಣಿಯಕ್ಕ. ಉಡುಪಿಯ ಕಡೆಯವರು, ಮುಂಬಯಿಯ ಕೋಟೆ ಭಾಗದ ಹಡಗು ಕಂಪನಿಯೊಂದರಲ್ಲಿ ಟೈಪಿಸ್ಟ್. ನನ್ನ ಅಜ್ಜಿಯ ಶಾಸನವನ್ನು ಲೋಕಲ್ ಗಾಡಿಯೊಳಗೂ ಪಾಲಿಸುತ್ತಿದ್ದವರು ನಾನು ಕಂಡಂತೆ ಅವರೊಬ್ಬರೇ. ಆ ನೂಕುನುಗ್ಗಲಿನಲ್ಲಿ ಯಾರ ಪಾದ ಯಾರ ಮೇಲಿದೆಯೆಂದು ದೇವರಿಗೂ ಗೊತ್ತಾಗಲಾರದು. ಆದರೂ ತಮ್ಮ ಕಾಲು ಯಾರಿಗಾದರೂ ತಾಗಿತೆಂದು ಅನಿಸಿದೊಡನೆ ರುಕ್ಮಿಣಿಯಕ್ಕ ಹೇಗೋ ಒಂದು ಕೈಯನ್ನು ಬಿಡಿಸಿಕೊಂಡು, ಆ ವ್ಯಕ್ತಿಯ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಎಷ್ಟೋ ಸಲ ತುಳಿಸಿಕೊಂಡವರು ಒಬ್ಬರು, ನಮಸ್ಕಾರ ಸಂದದ್ದು ಇನ್ನೊಬ್ಬರಿಗೆ.

“ಅಕ್ಕಾರು ಠಾಣೆ ಬರೋದ್ರಾಗ ಇಡೀ ಡಬ್ಬಿಗಿ ನಮಸ್ಕಾರ ಹಾಕಿ ಮುಗಸ್ತಾರ,” ಎಂದು ಶರಣಮ್ಮ ನಗುತ್ತಿದ್ದಳು.

“ಕೈ ಸುಮ್ಮನಿರುವುದಿಲ್ಲ ಮಾರಾಯ್ತಿ. ನಾನು ಹೇಳಿ ಹೋಗುವುದಲ್ಲ ಅದು,” ಎನ್ನುತ್ತಿದ್ದರು ರುಕ್ಮಿಣಿಯಕ್ಕ.

ಅವರ ಇನ್ನೊಂದು ವಿಚಿತ್ರವೆಂದರೆ ಈ ಅಂಬರನಾಥ. ಉಳಿದವರೆಲ್ಲ ಕಲ್ಯಾಣದವರೆಗೆ ಮಾತ್ರ ರಿಟರ್ನ್ ಹೋದರೆ ಅವರು ಅಂಬರನಾಥಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಕೂತು ಬರುತ್ತಿದ್ದರು. ಅಲ್ಲಿಯ ಹಳೆಯ ಶಿವಾಲಯಕ್ಕೆ ಏನೋ ಹರಕೆಯಿರಬೇಕೆಂದು ಡಬ್ಬಿ ಊಹಿಸಿತ್ತು. ನನಗೆ ಊಹೆ ಸಾಲದು. ಒಂದು ದಿನ ಜೊತೆಗೆ ಹೋದೆ. ಅವರು ದೇವಸ್ಥಾನದ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಗುಡ್ಡದ ಕಡೆಯ ಕಿಟಕಿಗೆ ಮುಖವೊಡ್ಡಿ ಕೂತರು. ಕಾರ್ಖಾನೆಗಳ ಹೊಗೆಯ ಮೇಲೆ, ಬದಲಾಪುರದ ಆಚೆಗೆ, ಬೆಟ್ಟಸಾಲಿನಿಂದ ಒಂದು ಶಿಖರ ನೆಟ್ಟಗೆ ಎದ್ದು ತುದಿಯಲ್ಲಿ ಬಾಗಿತ್ತು.

“ಮೆಟ್ಟುಕತ್ತಿ,” ಎಂದರು.

ನಿಜ. ಕಾಲಲ್ಲಿ ಅದುಮಿ ಹಿಡಿದು ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಅಲಗು ಹಾಗೆಯೇ ಇರುತ್ತದೆ. ಮರುದಿನ ಡಬ್ಬಿಯಲ್ಲಿ ಹೇಳಿದಾಗ ಶರಣಮ್ಮ ಅದನ್ನು ಈಳಿಗಿ ಎಂದಳು, ಮಂದಾತಾಯಿ ವಿಳೀ ಎಂದರು. ಮೂವರೂ ಹೇಳಿದ್ದು ಒಂದೇ ವಸ್ತುವನ್ನು. ನಕ್ಷೆಯಲ್ಲಿ ಶಿಖರಕ್ಕೆ ಇನ್ನೊಂದೇ ಹೆಸರಿದೆ. ಅದನ್ನು ಇಟ್ಟವರು ಎಂದೂ ತರಕಾರಿ ಹೆಚ್ಚಿದವರಲ್ಲವಾದ್ದರಿಂದ ನಾನದನ್ನು ಬರೆಯುವುದಿಲ್ಲ.

ದಸರೆ ಕಳೆದು ಗಾಳಿ ತಿಳಿಯಾಗಿದ್ದ ಒಂದು ಬೆಳಿಗ್ಗೆ ಡಬ್ಬಿಯಲ್ಲಿ ರುಕ್ಮಿಣಿಯಕ್ಕ, ಹವಾಮಾನದ ವಿಷಯ ಹೇಳುವವರಂತೆ ಹೇಳಿದರು: “ಡಾಕ್ಟರು ಮೊಣಕಾಲ ಗಂಟಿನ ಫೋಟೋ ನೋಡಿದರು. ಒಳಗೆ ಸವೆದು ಹೋಗಿದೆಯಂತೆ. ಇನ್ನು ಸ್ವಲ್ಪ ಸಮಯ ಹೋದರೆ ನಮ್ಮ ಮೂರನೇ ಮಾಳಿಗೆ ಹತ್ತುವುದೇ ಕಷ್ಟ ಅಂತ. ಅಷ್ಟರೊಳಗೆ ಒಂದು ಸಲ ಆ ಮೆಟ್ಟುಕತ್ತಿಯ ಮೇಲೆ ಹೋಗಿ ನಿಲ್ಲಬೇಕು ಅಂತ ಉಂಟು ನನಗೆ. ಈ ಚಳಿಗಾಲ ಆಗದಿದ್ದರೆ ಮತ್ತೆ ಇಲ್ಲ.”

ದಿನವೂ ಅವರು ನೋಡಿ ಬರುತ್ತಿದ್ದುದು ಏನನ್ನು ಎಂಬುದು ಎಲ್ಲರಿಗೂ ಒಟ್ಟಿಗೆ ಹೊಳೆದಿರಬೇಕು.

“ರವಿವಾರೀ ಜಾವೂಯಾ,” ಎಂದರು ಮಂದಾತಾಯಿ. ಭಾನುವಾರ ಹೋಗೋಣ. “ಠರಲಂ.”

ಆ ಒಂದು ಸಲ ನಾನು ಕಾರಣ ಕೇಳಲಿಲ್ಲ.

ಭಾನುವಾರ ನಮ್ಮ ದಂಡು ಬದಲಾಪುರದಾಚೆಯ ಸಣ್ಣ ನಿಲ್ದಾಣವೊಂದರಲ್ಲಿ ಇಳಿಯಿತು. ರುಕ್ಮಿಣಿಯಕ್ಕ ಮಗನ ಕ್ಯಾನ್ವಾಸ್ ಬೂಟಿನ ತುದಿಗೆ ದಿನಪತ್ರಿಕೆಯ ಹಾಳೆ ತುರುಕಿ ಹಾಕಿಕೊಂಡಿದ್ದರು, ಮೊಣಕಾಲಿಗೆ ಕಂದು ಬಣ್ಣದ ಎಲಾಸ್ಟಿಕ್ ಪಟ್ಟಿ. ಶರಣಮ್ಮ ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು. ಮಂದಾತಾಯಿ ಜೀವನದಲ್ಲೇ ಮೊದಲ ಬಾರಿಗೆ ಪಂಜಾಬಿ ಡ್ರೆಸ್ ತೊಟ್ಟು, ಯಾರಾದರೂ ಏನಾದರೂ ಅನ್ನಲೆಂದು ಕಾಯುತ್ತಿದ್ದರು. ಕೊಯ್ಲಾದ ಭತ್ತದ ಗದ್ದೆಗಳ ಬದುವಿನ ಮೇಲೆ ನಡೆದು, ಬೆಟ್ಟದ ಬುಡದ ಹಾಸುಬಂಡೆಯನ್ನು ತಲುಪಿದೆವು. ದಾರಿ ಅಲ್ಲಿ ಎರಡಾಗುತ್ತಿತ್ತು.

ಎಡಕ್ಕೆ ಹೋಗುವುದನ್ನು ಊರಿನವರು ನಾಳ ಎನ್ನುತ್ತಾರೆ, ಎರಡು ಗೋಡೆಗಳ ನಡುವೆ ಮಳೆನೀರು ಕೊರೆದ ಕಂದರ. ಮೊದಲು ಕೆಳಗಿಳಿದು ಒಣಗಿದ ಹೊಳೆಯ ಪಾತ್ರವನ್ನು ಸೇರಿ, ಅಲ್ಲಿಂದ ದುಂಡುಗಲ್ಲುಗಳನ್ನು ಹತ್ತುತ್ತ ಹೋಗಬೇಕು. ನೆರಳಿದೆ, ಬಿದ್ದರೂ ದೂರ ಬೀಳಲಾರಿರಿ, ಆದರೆ ಎಲ್ಲಿದ್ದೀರೆಂಬುದೂ ತಿಳಿಯಲಾರದು. ಬಲಕ್ಕೆ ಹೋಗುವುದು ಸೋಂಡ, ಅಂದರೆ ಆನೆಯ ಸೊಂಡಿಲು. ಶಿಖರದಿಂದ ನೇರ ನಮ್ಮ ಕಾಲಬಳಿಗೆ ಇಳಿದುಬಂದ ಕಿರಿದಾದ ಕಲ್ಲಿನ ಏಣು. ನೆರಳಿಲ್ಲ, ಎರಡೂ ಪಕ್ಕ ಆಳ, ಅನೇಕ ಕಡೆ ಕೈಯನ್ನೂ ಕಾಲಾಗಿ ಬಳಸಿಕೊಳ್ಳಬೇಕು. ಆದರೆ ಮೊದಲಿನಿಂದ ಕೊನೆಯವರೆಗೆ ತುದಿ ಕಾಣುತ್ತಿರುತ್ತದೆ. ಸೋಜಿಗವೆಂದರೆ, ಒಂದೇ ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಎರಡು ಬಾಣಗಳಿದ್ದವು, ಒಂದು ನಾಳದ ಕಡೆಗೆ, ಇನ್ನೊಂದು ಸೊಂಡಿಲ ಕಡೆಗೆ. ಸುತ್ತ ಪ್ರೇಮಿಗಳ ಹೆಸರುಗಳು ಊರು ಸಮೇತ ಇದ್ದವು. ಪ್ರೀತಿಸಿದವರೆಲ್ಲ ಹೆಸರು ಬರೆದಿದ್ದರು, ದಾರಿ ತೋರಿಸಿದವನು ಬರೆದಿರಲಿಲ್ಲ.

ನನ್ನ ರಕ್ತ ಬಿಸಿಯಾಗಲು ಅಷ್ಟು ಸಾಕು. ಬಾಣದ ಕಲ್ಲಿನ ಮೇಲೆ ಹತ್ತಿ ನಿಂತೆ.

“ಇದನ್ನು ಬಳಿದವನು ಯಾರು? ಈ ಬಾಣ ನಂಬಿ ಒಬ್ಬರ ಕಾಲು ಮುರಿದರೆ ಯಾರನ್ನು ಕೇಳಬೇಕು? ಇಲ್ಲಿ ಯಾರೂ ಠರಲಂ ಎನ್ನುವ ಹಾಗಿಲ್ಲ. ಒಬ್ಬೊಬ್ಬರೂ ಯಾವ ದಾರಿ, ಯಾಕೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಹೊಣೆಯಾಗಬೇಕು.”

“ಯವ್ವಾ, ಬಿಸಲಾಗಲಿಕತ್ತದ,” ಎಂದಳು ಶರಣಮ್ಮ.

“ಶರಣಮ್ಮ, ನೀನು ಹೇಳು.”

“ನೀವು ಹೆಂಗ ಅಂತೀರಿ ಹಂಗ.”

“ಅದು ಉತ್ತರವಲ್ಲ.”

“ಹಂಗಂದ್ರ ನಾಳ. ನೆರಳದ.”

ಮಂದಾತಾಯಿಯ ವಾದ ಇನ್ನೂ ಗಟ್ಟಿ. ಮೇಲೆ ಹೋಗಲು ಮೊದಲು ಕೆಳಗಿಳಿಯುವುದು ನಮಗೇನು ಹೊಸದೇ, ರಿಟರ್ನ್ ಹೋದವರಿಗೇ ಕೂರಲು ಸಿಗುವುದು, ನಾಳವೇ ಸರಿ. ಮೂವತ್ತು ಮೈಲಿ ಸುತ್ತಳತೆಯಲ್ಲಿ ಬೇರಾರೂ ಇಂಥ ಕಾರಣಕ್ಕೆ ಬೆಟ್ಟದ ದಾರಿ ಆರಿಸಿಕೊಳ್ಳಲಾರರು. ನನಗೂ ಅದು ಆ ಕ್ಷಣ ಅಖಂಡ ಸತ್ಯವೆಂದು ತೋರಿತು. ಬೀಳುವ ಭಯ ಕಡಿಮೆಯೆಂದು ನಾನೂ ನಾಳದ ಪರ ಮತ ಹಾಕಿದೆ. ಬಹುಮತ ಸಿದ್ಧವಾದದ್ದರಿಂದ ನಾಲ್ಕನೆಯವರನ್ನು ಕೇಳುವ ಅಗತ್ಯ ಬೀಳಲಿಲ್ಲ. ರುಕ್ಮಿಣಿಯಕ್ಕ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದರು.

ನಾಳದೊಳಗೆ ಗಾಳಿಯೇ ಇರಲಿಲ್ಲ. ದುಂಡುಗಲ್ಲು ಒಂದೊಂದೂ ಸೊಂಟದೆತ್ತರ. ಪ್ರತಿಯೊಂದರ ಮುಂದೆಯೂ ರುಕ್ಮಿಣಿಯಕ್ಕ ನಿಂತು, ಒಳ್ಳೆಯ ಕಾಲನ್ನು ಮೇಲಿಟ್ಟು, ಕೆಟ್ಟ ಕಾಲನ್ನು ಕೈಯಿಂದ ಎತ್ತಿ ಇಡುತ್ತಿದ್ದರು. ಒಂದೆಡೆ ಕಂದರ ಕವಲಾಯಿತು. ಅಲ್ಲಿ ಬಾಣವಿರಲಿಲ್ಲ. ಯೋಚಿಸಲು ನಿಂತಿದ್ದಾಗಲೇ ತಲೆಗೆ ಸಿಂಬಿ ಸುತ್ತಿ, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿದ ಹೆಂಗಸರ ಸಾಲೊಂದು ಸರಸರನೆ ನಮ್ಮನ್ನು ದಾಟಿ ಎಡಗವಲಿಗೆ ಹೊರಳಿತು. ನಮ್ಮ ಕಾಲುಗಳೂ ಮಾತಿಲ್ಲದೆ ಅತ್ತ ಹೊರಳಿದವು. ನಮ್ಮ ಲೋಕಲ್ ಮಾರ್ಗದಲ್ಲಿ ದಿನವೂ ಓಡಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದರೆ ನಾವು ಫಲಕ ಓದುವುದಿಲ್ಲ, ಜನ ಹೋದ ಕಡೆಗೆ ಹೋಗುತ್ತೇವೆ, ಸೇತುವೆಯ ಮೆಟ್ಟಿಲು ಅಲ್ಲೇ ಇರುತ್ತದೆ. ಹೊಣೆಗಾರಿಕೆಯ ಭಾಷಣ ಮಾಡಿದವಳೂ ಹಾಗೆಯೇ ಹೋದಳು.

ದಾರಿ ಒಂದು ಅಗಲವಾದ ಹುಲ್ಲುಹಾಸಿಗೆ ಬಂದು ಮುಗಿಯಿತು. ಎದೆಯೆತ್ತರದ ಬಂಗಾರ ಬಣ್ಣದ ಹುಲ್ಲು, ಅದರ ಹಿಂದೆ ನುಣುಪಾದ ಗೋಡೆ. ಹೆಂಗಸರು ಆಗಲೇ ಬಾಗಿ ಹುಲ್ಲು ಕೊಯ್ಯತೊಡಗಿದ್ದರು. ಮಂದಾತಾಯಿ ಒಬ್ಬಳನ್ನು ತುದಿಗೆ ಹೋಗುವುದು ಹೇಗೆಂದು ಕೇಳಿದರು. ಅವಳು ಸೊಂಟದ ಮೇಲೆ ಕೈಯಿಟ್ಟು, ಮೊದಲು ಶಿಖರವನ್ನು, ಆಮೇಲೆ ನಮ್ಮ ನಾಲ್ವರನ್ನು ನೋಡಿದಳು.

“ವರ್ ಕಶಾಲಾ ಜಾತಾ, ಬಾಯೀ? ವರ್ ಗವತ್ ನಾಯ್.” ಮೇಲೆ ಏನಕ್ಕೆ ಹೋಗುತ್ತೀರಿ, ಅಲ್ಲಿ ಹುಲ್ಲಿಲ್ಲವಲ್ಲ.

ಎಂ.ಎ. ಪದವಿಯ ಯಾವ ಪತ್ರಿಕೆಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ನಾವು ಕೂತು ನೀರು ಕುಡಿದೆವು. ಮನೆಗೆ ಹೋಗೋಣವೇ ಎಂಬ ಮಾತು ಎಲ್ಲರ ಬಾಯಿಯ ಹೊಸ್ತಿಲಲ್ಲಿತ್ತು. ಆಗ ರುಕ್ಮಿಣಿಯಕ್ಕ, “ರಿಟರ್ನ್ ಹೋಗುವ,” ಎಂದರು.

“ಮನೆಗಾ?” ಎಂದೆ.

“ಬಾಣದ ಕಲ್ಲಿಗೆ. ಅಲ್ಲಿಂದ ಸೊಂಡಿಲು ಹತ್ತುವುದು. ನಾನು ಇಷ್ಟು ವರ್ಷ ಗಾಡಿಯಲ್ಲಿ ಕೂತು ನೋಡಿದ್ದು ಅದನ್ನೇ. ಮಳೆಗಾಲದಲ್ಲಿ ನೀರು ಅದರ ಎರಡು ಬದಿಗೆ ಇಳಿಯುತ್ತದೆ, ಮೇಲೆ ನಿಲ್ಲುವುದಿಲ್ಲ. ಮಧ್ಯದಲ್ಲೊಂದು ಗೂನು ಉಂಟು, ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು ಅಂತ ಎಣಿಸಿದ್ದೆ. ಮನಸ್ಸಿನಲ್ಲಿ ಎಷ್ಟು ಸಲ ಹತ್ತಿದ್ದೇನೋ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ನೀನು ಎಲ್ಲರ ಹತ್ತಿರ ಕಾರಣ ಕೇಳುತ್ತಿದ್ದಿ. ಬೇಕು ಅಂತ ಆಗುವುದಕ್ಕೆ ಎಂಥ ಕಾರಣ ಹೇಳುವುದು ಮಾರಾಯ್ತಿ?”

ಹುಲ್ಲಿನೊಳಗೆ ಕುಡುಗೋಲುಗಳ ಸದ್ದು ಕೇಳುತ್ತಿತ್ತು. ನಾನು ನೀರಿನ ಬಾಟಲಿಯ ಮುಚ್ಚಳವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದೆ.

“ಏನಾದರೂ ಆದರೆ?” ಎಂದೆ ಕೊನೆಗೆ. ಈ ಸಲ ಅದು ಭಾಷಣವಾಗಿರಲಿಲ್ಲ.

“ಗಂಟು ನನ್ನದು. ಜವಾಬು ನಾನೇ ಕೊಡುತ್ತೇನೆ. ನಿನ್ನನ್ನು ಯಾರೂ ಕೇಳುವುದಿಲ್ಲ, ಹೆದರಬೇಡ.”

ಇನ್ನೊಂದು ಊರಿನವರಾಗಿದ್ದರೆ ಅಷ್ಟು ಹತ್ತಿ ಮತ್ತೆ ಬುಡಕ್ಕೆ ಇಳಿಯುವುದನ್ನು ಸೋಲೆಂದು ಭಾವಿಸುತ್ತಿದ್ದರೇನೋ. ನಾವು ಸೀಟು ಹಿಡಿಯಲು ಹೋಗುವವರ ಸಹಜತೆಯಿಂದ ಇಳಿದೆವು. ಬಾಣದ ಕಲ್ಲಿನ ಬಳಿ ಮಂದಾತಾಯಿ ಸೊಂಡಿಲನ್ನು ಬುಡದಿಂದ ತುದಿಯವರೆಗೆ ನೋಡಿ, ಚೀಲಗಳನ್ನು ತಮ್ಮ ಸುತ್ತ ಪೇರಿಸಿಕೊಂಡರು. ಏನಾದರೂ ಆದರೆ ಊರಿಗೆ ಓಡಲು ಕೆಳಗೊಬ್ಬರು ಬೇಕು, ನಾನಿರುತ್ತೇನೆ ಎಂದರು. ಠರಲಂ ಎನ್ನಲಿಲ್ಲ. ಅವರು ‘ನಾನು’ ಎಂದು ತೀರ್ಮಾನಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೊಂಡಿಲಿನ ಕಲ್ಲು ಕಪ್ಪು, ಮುಟ್ಟಿದರೆ ಆಗತಾನೆ ಒಲೆಯಿಂದಿಳಿಸಿದ ಕಾವಲಿಯಂತೆ ಬೆಚ್ಚಗೆ. ಬೆಟ್ಟವನ್ನು ದೂರದಿಂದ ನೋಡುವವರಿಗೆ ಅದು ಕಣ್ಣಿನ ವಿಷಯ. ಹತ್ತುವವರಿಗೆ ಬೆರಳಿನ ವಿಷಯವೆಂದು ಅಲ್ಲಿ ತಿಳಿಯಿತು. ಪ್ರತಿ ಹೆಜ್ಜೆಗೂ ಒಂದು ಬಿರುಕು, ಒಂದು ಗುಬುಟು, ಹಿಡಿದರೆ ಕಿತ್ತು ಬರುವ ಹುಲ್ಲಿನ ಜುಟ್ಟು, ಯಾವುದನ್ನು ನಂಬುವುದೆಂಬ ಪ್ರಶ್ನೆ. ಮುಂದೆ ನಾನು, ನಡುವೆ ರುಕ್ಮಿಣಿಯಕ್ಕ, ಹಿಂದೆ ಶರಣಮ್ಮ. ಇಲ್ಲಿ ಮೆಟ್ಟಿಲುಗಳು ಸಣ್ಣವು, ಮೊಣಕಾಲು ತಕರಾರು ಮಾಡಲಿಲ್ಲ. ಗೂನು ಅವರು ಎಣಿಸಿದಲ್ಲೇ ಇತ್ತು. ಅದರ ಮೇಲೆ ಕೂತು, ಎದುರಿಗೆ ನೋಡಿ, ಅವರು ಜೋರಾಗಿ ನಗತೊಡಗಿದರು.

ಗೂನಿನ ಆಚೆ ಬೆಟ್ಟ ಕಡಿದುಹೋಗಿತ್ತು. ಆಳೆತ್ತರದ ಸೀಳು. ಅದರೊಳಗಿಳಿದು ಎದುರಿನ ಗೋಡೆಯನ್ನು ಹತ್ತಿದರೆ ಅಲ್ಲಿಂದಾಚೆ ತುದಿ.

“ಅಂಬರನಾಥದಿಂದ ಇದು ಕಾಣುವುದಿಲ್ಲ ಮಾರಾಯ್ತಿ. ಇಷ್ಟು ವರ್ಷ ನಾನು ಇದರ ಮೇಲಿಂದ ಗಾಳಿಯಲ್ಲಿ ನಡೆದುಕೊಂಡು ಹೋಗಿದ್ದೇನೆ.”

ನಾನು ಇಳಿದು ಆಚೆ ಬದಿ ಹತ್ತಿದೆ. ಕಾಲಿಡಲು ಇದ್ದ ಒಂದೇ ಗುಳಿ ಎದೆಯ ಮಟ್ಟದಲ್ಲಿತ್ತು, ಸವೆದ ಮೊಣಕಾಲು ಅಷ್ಟು ಮಡಚಲಾರದು. ಎರಡು ಬದಿಗೆ ಸೀಳು ನೇರವಾಗಿ ಕಂದರಕ್ಕೆ ತೆರೆದಿತ್ತು. ಶರಣಮ್ಮ ರುಕ್ಮಿಣಿಯಕ್ಕನನ್ನು ಸೀಳಿನೊಳಗೆ ಇಳಿಸಿಕೊಂಡು, ಗೋಡೆಗೆ ಮುಖ ಮಾಡಿ, ಬೆನ್ನು ಬಗ್ಗಿಸಿ ನಿಂತಳು.

“ಹೆಗಲ ಮ್ಯಾಲ ಕಾಲ ಇಡ್ರಿ ಅಕ್ಕಾರ.”

“ನಿನ್ನ ಮೈ ಮೇಲೆ ಕಾಲಿಡುವುದಾ? ಆಗುವುದಿಲ್ಲ.”

“ದಿನಾ ಗಾಡ್ಯಾಗ ತುಳೀತೀರಿ, ಆಗೇನು?”

“ಅದು ಗೊತ್ತಾಗದೆ.”

“ಇವತ್ತ ಗೊತ್ತಾಗಿ ತುಳೀರಿ. ಬಿಸಲು ನೆತ್ತಿಗಿ ಬಂದದ.”

ರುಕ್ಮಿಣಿಯಕ್ಕ ಅಲ್ಲೇ ಕೂತು ಬೂಟು ಬಿಚ್ಚಿದರು. ಎರಡರ ದಾರವನ್ನೂ ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡರು, ಸೆರಗಿನಿಂದ ಅಂಗಾಲು ಒರೆಸಿಕೊಂಡರು. ಆಮೇಲೆ ಒಳ್ಳೆಯ ಕಾಲನ್ನು ಶರಣಮ್ಮನ ಹೆಗಲ ಮೇಲಿಟ್ಟು, ಎರಡೂ ಕೈಗಳಿಂದ ಮೇಲಿನ ಬಿರುಕು ಹಿಡಿದು ಎದ್ದರು. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ್ದೆ. ಅವರ ಮುಖ ನನಗೆ ಒಂದು ಗೇಣು ದೂರದಲ್ಲಿತ್ತು. ಆ ಮುಖ ಪೂರ್ತಿ ಶಾಂತವಾಗಿತ್ತು, ಆದರೆ ಬಲಗೈ ಬಿರುಕನ್ನು ಬಿಟ್ಟು ಕೆಳಗೆ ಹೊರಟಿತು.

ಅವರು ಹೇಳಿ ಹೋದದ್ದಲ್ಲ ಅದು. ಕಾಲು ತಾಗಿತ್ತು, ಕೈ ಹೊರಟಿತ್ತು, ಅಷ್ಟೇ. ಶರಣಮ್ಮನ ಹೆಗಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು. ಮೈ ಬಾಗಿಲಿನಂತೆ ಒಂದೇ ಕೀಲಿನ ಮೇಲೆ ತಿರುಗಿ ಕಂದರದ ಕಡೆಗೆ ತೆರೆದುಕೊಂಡಿತು. ಕೊರಳಿನ ಬೂಟುಗಳು ಗಾಳಿಯಲ್ಲಿ ತೂಗಿದವು. ನಾನು ಅವರ ಎಡ ಮಣಿಕಟ್ಟನ್ನು ಹಿಡಿದೆ. ಬಳೆ ನನ್ನ ಅಂಗೈಗೆ ಚುಚ್ಚಿತು.

ಕೆಳಗಿನಿಂದ, ಹೆಗಲನ್ನು ಕೂದಲೆಳೆಯಷ್ಟೂ ಅಲುಗಿಸದೆ, ಶರಣಮ್ಮ ಮೆಲ್ಲನೆ ಮಾತಾಡಿದಳು. ಮಗುವನ್ನು ಮಲಗಿಸುವ ದನಿ.

“ಕೈ ಬಿಡಬ್ಯಾಡ್ರಿ ಅಕ್ಕಾರ. ಕಲ್ಲು ಹಿಡೀರಿ. ನಮಸ್ಕಾರ ಮ್ಯಾಲ ಹೋಗಿ ಮಾಡ್ರಿ. ನಾ ಎಲ್ಲಿಗೂ ಹೋಗಂಗಿಲ್ಲ.”

ಕೈ ಮರಳಿತು. ಬಿರುಕು ಸಿಕ್ಕಿತು. ಶರಣಮ್ಮ ಮೆಲ್ಲನೆ ನೆಟ್ಟಗಾದಳು, ನಾನು ಎಳೆದೆ, ರುಕ್ಮಿಣಿಯಕ್ಕ ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಬಂದು ಬಿದ್ದರು. ಅಲ್ಲಿಂದ ತುದಿಗೆ ಏಳುವುದೂ ನಡೆಯುವುದೂ ಬೇಕಾಗಲಿಲ್ಲ, ಅಂಬೆಗಾಲಿಟ್ಟರೂ ಸಾಕಿತ್ತು. ಹಾಗೆಯೇ ಹೋದೆವು.

ತುದಿ ಒಂದು ಚಾಪೆಯಷ್ಟು ಅಗಲ. ಕೆಳಗೆ ಅಂಬರನಾಥದ ಚಿಮಣಿಗಳು, ಅದರಾಚೆ ಕಲ್ಯಾಣ, ಕಡಲಿನಿಂದ ಒಳಬಂದ ಖಾಡಿಯ ನೀರಿನ ಮಿಂಚು, ಇನ್ನೂ ದೂರದಲ್ಲಿ ಮುಂಬ್ರಾದ ಗುಡ್ಡಗಳು. ರುಕ್ಮಿಣಿಯಕ್ಕ ಇದೊಂದನ್ನೂ ನೋಡಲಿಲ್ಲ. ನಾವು ಬಂದ ದಾರಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಕೊನೆಯವಳಾಗಿ ಶರಣಮ್ಮ ಮೇಲೆ ಬಂದಾಗ, ಕೆಟ್ಟ ಮೊಣಕಾಲನ್ನು ಊರಿಯೇ ಎದ್ದುನಿಂತು, ಅವಳ ಹೆಗಲನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಡಬ್ಬಿಯಲ್ಲಾಗಿದ್ದರೆ ಶರಣಮ್ಮ ಏನಾದರೊಂದು ಅಂದು ನಗಿಸುತ್ತಿದ್ದಳು. ಅಂದು ತಲೆ ತಗ್ಗಿಸಿ ಸುಮ್ಮನೆ ನಿಂತು ಅದನ್ನು ಪಡೆದುಕೊಂಡಳು.

ಆಮೇಲೆ ರುಕ್ಮಿಣಿಯಕ್ಕ ಕೆಳಗೆ ನೋಡಿದರು. ಹಳಿಯ ಮೇಲೆ ಲೋಕಲ್ ಒಂದು ಸಾಸಿವೆ ಸಾಲಿನಂತೆ ಹರಿಯುತ್ತಿತ್ತು.

“ಅಲ್ಲಿ ಕಿಟಕಿಯಲ್ಲಿ ಯಾರಾದರೂ ಕೂತು ಈಚೆ ನೋಡುತ್ತಿರಬಹುದು,” ಎಂದರು. ಕೆದರಿದ ಕೂದಲನ್ನು ಹಿಂದಕ್ಕೆ ತೀಡಿ, ಸೆರಗನ್ನು ಸರಿಮಾಡಿಕೊಂಡು, ನೆಟ್ಟಗೆ ನಿಂತರು.

ಇಳಿಯುವಾಗ ಬಹುಭಾಗ ಕೂತುಕೊಂಡೇ ಜಾರಿದೆವು. ಸೀಳಿನಲ್ಲಿ ಮತ್ತೆ ಹೆಗಲು ಬೇಕಾಯಿತು, ಆಗ ಅವರ ಕೈ ಕಲ್ಲನ್ನು ಬಿಡಲಿಲ್ಲ. ನಮಸ್ಕಾರದ ಸಾಲ ಕೆಳಗೆ ಮುಟ್ಟಿದ ಮೇಲೆ ಸಂದಾಯವಾಯಿತು. ಬಾಣದ ಕಲ್ಲಿನ ಬಳಿ ನಾನೊಂದು ಚೂಪುಗಲ್ಲು ಹೆಕ್ಕಿ ನಾಳದ ಬಾಣವನ್ನು ಕೆರೆದು ಅಳಿಸಲು ಹೊರಟೆ. ರುಕ್ಮಿಣಿಯಕ್ಕ ತಡೆದರು.

“ಬಿಡು. ಹುಲ್ಲಿಗೆ ಹೋಗುವವರಿಗೆ ಅದೇ ಸರಿಯಾದ ದಾರಿ.”

ಡಾಕ್ಟರರ ಮಾತು ಸುಳ್ಳಾಗಲಿಲ್ಲ. ಅವರು ಹೇಳಿದ್ದಕ್ಕಿಂತ ತುಸು ತಡವಾಗಿ, ಆದರೆ ಹೇಳಿದ ಹಾಗೆಯೇ ಆಯಿತು. ರುಕ್ಮಿಣಿಯಕ್ಕ ಕೆಲಸ ಬಿಟ್ಟು ಈಗ ಮೂರನೆಯ ಮಾಳಿಗೆಯಲ್ಲಿದ್ದಾರೆ. ಅವರ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಕೊಳವೆ. ಬೆಟ್ಟ ಹತ್ತಿದ್ದರಿಂದಲೇ ಹೀಗಾಯಿತೇ ಎಂದು ಒಮ್ಮೆ ಕೇಳಿದ್ದೆ. “ಆಗಿದ್ದರೆ ಆಗಿರಬಹುದು. ನಾನು ಯಾರ ಮೇಲೂ ದೂರು ಕೊಟ್ಟಿದ್ದೇನಾ?” ಎಂದರು. ಶರಣಮ್ಮ ಈಗಲೂ ರಬಾಳೆಗೆ ಹೋಗುತ್ತಾಳೆ, ಠಾಣೆಯಲ್ಲಿ ಈಗ ನಾನೂ ಅವಳ ಜೊತೆಗೇ ಇಳಿಯುವುದರಿಂದ ಆ ಬೆಚ್ಚಗಿನ ಸೀಟು ಯಾರಿಗೋ ಹೋಗುತ್ತದೆ.

ಸಂಜೆ ಮನೆಗೆ ಮರಳುವಾಗ ನಾನು ರುಕ್ಮಿಣಿಯಕ್ಕನ ಮನೆಗೆ ಹೋಗುತ್ತೇನೆ. ಚಹಾ ಬರುವ ಮೊದಲೇ ವಿಚಾರಣೆ ಶುರುವಾಗುತ್ತದೆ. ಇವತ್ತು ಹೇಗಿತ್ತು? ಗೂನಿನ ಮೇಲೆ ಬಿಸಿಲು ಬಿದ್ದಿತ್ತಾ? ಹುಲ್ಲು ಒಣಗಿತಾ, ಇನ್ನೂ ಹಸಿರಾ? ನಾನು ಹೇಳಬೇಕು. ಕಂಡದ್ದನ್ನೇ ಹೇಳಬೇಕು. ಊಹಿಸಿ ಹೇಳಿದರೆ ಹೇಗೋ ಅವರಿಗೆ ಗೊತ್ತಾಗುತ್ತದೆ. ಯಾವ ಸೆಕ್ರೆಟರಿಯನ್ನೂ ನಾನು ಇಷ್ಟು ಬಿಗಿಯಾಗಿ ಹಿಡಿದಿದ್ದಿಲ್ಲ.

ಇವತ್ತು ಹೊಗೆ ದಟ್ಟವಾಗಿತ್ತು, ಶಿಖರ ಕಾಣಲಿಲ್ಲ. ಹಾಗೆಯೇ ಹೇಳಿದೆ. ರುಕ್ಮಿಣಿಯಕ್ಕ ಬಟ್ಟಲನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಎಲ್ಲಿವರೆಗೆ ಹೋಗಿದ್ದಿ?”

“ಅಂಬರನಾಥ.”

“ಅಲ್ಲಿಂದ ಕಾಣದಿದ್ದರೆ ಬದಲಾಪುರದಿಂದ ಕಾಣುತ್ತದಲ್ಲ?”

ನಾಳೆ ಒಂದು ಗಾಡಿ ಮುಂಚೆ ಹೊರಡಬೇಕು.